ಊರಿನ ಕೋರ್ಟು ತಪ್ಪಿದ ಸಾಕ್ಷಿ

ಕೋರ್ಟಿನ ಲಿಫ್ಟು ಕೆಟ್ಟು ಮೂರು ವಾರವಾಗಿತ್ತು. ಆಕ್ಸಿಜನ್ ಸಿಲಿಂಡರು ಕಟ್ಟಿದ ಗಾಲಿಕುರ್ಚಿಯನ್ನು ಮೂವತ್ತೆರಡು ಮೆಟ್ಟಿಲು ಹತ್ತಿಸಬೇಕಾದರೆ ಎಷ್ಟು ಜನ ಗಂಡಸರು ಬೇಕಾದಾರು ಎಂದು ಯೋಚಿಸುತ್ತಲೇ ಒಡೆಸ್ಸಾ ಎಸ್ಟೆಪ್ ಅವತ್ತು ಕೊಳ್ಳದಿಂದ ಇಳಿದು ಕೌಂಟಿ ಪಟ್ಟಣಕ್ಕೆ ಬಂದಿದ್ದಳು. ಕುರ್ಚಿಯಲ್ಲಿ ಕೂರಬೇಕಾದವನು ಅವಳ ತಮ್ಮ ಹೋಬರ್ಟ್ ಲಸ್ಕ್. ಗಣಿಯ ಧೂಳು ಅವನ ಶ್ವಾಸಕೋಶವನ್ನು ಮುಕ್ಕಾಲು ಪಾಲು ತಿಂದು ಮುಗಿಸಿತ್ತು. ಕ್ರಿಸ್‌ಮಸ್‌ವರೆಗೆ ಬಂದರೆ ದೊಡ್ಡದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಆದರೆ ಲಿಕ್ ಬ್ರಾಂಚ್ ಕೊಳ್ಳದ ನಾನೂರು ಚಿಲ್ಲರೆ ಜನಕ್ಕೆ ಬೇಕಾದ ಮಾತು ಇದ್ದದ್ದು ಅವನೊಬ್ಬನ ಬಾಯಲ್ಲಿ. ಹೊರರಾಜ್ಯ ಪೆನ್ಸಿಲ್ವೇನಿಯಾದ ಕಂಪನಿ ಕಲ್ಲಿದ್ದಲು ತೊಳೆದ ಕಪ್ಪು ರಾಡಿಯನ್ನು ಮೂರು ಚಳಿಗಾಲ ಬೆಟ್ಟದೊಳಗಿನ ಹಳೇ ಗಣಿಗೆ ತುಂಬಿಸಿತ್ತು. ಗುತ್ತಿಗೆ ಹಿಡಿದವನು ಊರಿನವನೇ, ಡ್ಯೂಯಿ ರನ್ಯನ್. ರನ್ಯನ್‌ನ ಕೈಕೆಳಗೆ ಪಂಪಿನ ವಾಲ್ವ್ ತಿರುಗಿಸುತ್ತಿದ್ದವನು ಹೋಬರ್ಟ್. ರಾಡಿ ಬೆಟ್ಟದ ಬಿರುಕು ಹಿಡಿದು ಬಾವಿಗಳಿಗೆ ಇಳಿಯಿತು. ಒಡೆಸ್ಸಾಳ ಗಂಡ ಗಾರ್ಲಂಡ್ ಮೂತ್ರಪಿಂಡ ಕೊಳೆತು ಸತ್ತು ಆರು ವರ್ಷವಾಗಿತ್ತು. ಕೊಳ್ಳದಲ್ಲಿ ಹಾಗೆ ಸತ್ತವರಲ್ಲಿ ಅವನು ಮೊದಲಿಗನೂ ಅಲ್ಲ, ಕೊನೆಯವನೂ ಅಲ್ಲ. ಒಳಕ್ಕೆ ಏನೇನು ಹೋಯಿತು, ಯಾರು ಹೇಳಿ ಹೋಯಿತು ಅನ್ನುವುದನ್ನು ಕಣ್ಣಾರೆ ಕಂಡು ಇನ್ನೂ ಉಸಿರಾಡುತ್ತಿದ್ದವನು ಹೋಬರ್ಟ್ ಮಾತ್ರ.

ಕೊಳ್ಳದವರು ಕಂಪನಿಯ ಮೇಲೂ ರನ್ಯನ್ ಮೇಲೂ ಕೌಂಟಿ ಕೋರ್ಟಿನಲ್ಲಿ ದಾವೆ ಹೂಡಿದ್ದರು. ಹೋಬರ್ಟನ ಸ್ಥಿತಿ ತಿಳಿದೇ ಕೌಂಟಿ ಜಡ್ಜು ದೊಡ್ಡ ಮನಸ್ಸು ಮಾಡಿದ್ದರು. ವಿಚಾರಣೆ ಯಾವಾಗಲಾದರೂ ಆಗಲಿ, ಈತನ ಸಾಕ್ಷಿಯನ್ನು ಮೊದಲೇ, ತೆರೆದ ಕೋರ್ಟಿನಲ್ಲಿ, ಜನರ ಎದುರಿಗೇ ಕೇಳಿ ಬರೆಸಿಕೊಳ್ಳೋಣ ಎಂದು ಮಾರ್ಚ್ ಇಪ್ಪತ್ತೇಳಕ್ಕೆ ತಾರೀಖು ಕೊಟ್ಟಿದ್ದರು.

"ಟ್ರೂಡಿ, ಫೈರ್ ಸ್ಟೇಷನ್ನಿಂದ ನಾಲ್ಕು ಜನ ಬರ್ತಾರೆ, ಕುರ್ಚಿ ಸಮೇತ ಎತ್ಕೊಂಡು ಹೋಗ್ತಾರೆ. ಅವತ್ತು ಹಿಂದಿನ ಬಾಗ್ಲು ಸ್ವಲ್ಪ ಬೇಗ ತೆಗೆಸ್ತೀಯಾ?" ಎಂದು ಒಡೆಸ್ಸಾ ಗುಮಾಸ್ತೆಯ ಕಿಟಕಿಗೆ ಮೊಣಕೈ ಊರಿ ಕೇಳಿದಳು.

ಟ್ರೂಡಿ ತಲೆ ಎತ್ತಲಿಲ್ಲ. "ನಿಮ್ಮ ಲಾಯರು ಕ್ಲೇ ಫೋನ್ ಮಾಡ್ಲಿಲ್ವಾ ನಿನಗೆ?"

"ನಮ್ಮ ಕೊಳ್ಳದಲ್ಲಿ ಫೋನು ಬಡ್ಕೊಳ್ಳೋದು ಭಾನುವಾರ ಮಾತ್ರ, ಅದೂ ಮರ ಹತ್ತಿದ್ರೆ. ಯಾಕೆ?"

"ನಿಮ್ಮ ಕೇಸು ಇಲ್ಲಿಲ್ಲ, ಡೆಸ್ಸಾ."

"ಇಲ್ಲ ಅಂದ್ರೆ? ಕಳೆದು ಹಾಕಿದ್ರಾ?"

"ಕಳೆದುಹೋಗಿದ್ರೆ ನಾನೇ ಹುಡುಕಿ ಕೊಡ್ತಿದ್ದೆ. ನಿನ್ನೆ ಸಂಜೆ ಬಾಗ್ಲು ಹಾಕೋ ಹೊತ್ತಿಗೆ ಕಂಪನಿಯವರ ನೋಟಿಸು ಬಂತು. ಫೆಡರಲ್ ಕೋರ್ಟಿಗೆ ಎತ್ಕೊಂಡು ಹೋದ್ರು."

"ನಮ್ಮ ಜಡ್ಜು ಬೇಡ ಅನ್ಲಿಲ್ವಾ?"

"ಅವರನ್ನ ಯಾರು ಕೇಳ್ತಾರೆ? ಆ ಕಾಗದ ಈ ಕಿಟಕಿ ದಾಟಿದ ಗಳಿಗೆಯಿಂದ ಅವರು ನಿಮ್ಮ ಫೈಲು ಮುಟ್ಟೋ ಹಾಗಿಲ್ಲ. ಅಲ್ಲಿಯವರು ವಾಪಸ್ ಕಳಿಸಿದ್ರೆ ಉಂಟು." ಟ್ರೂಡಿ ಈಗ ತಲೆ ಎತ್ತಿದಳು. ಅವಳ ಅತ್ತೆಯೂ ಲಿಕ್ ಬ್ರಾಂಚಿನವಳೇ. "ಇಪ್ಪತ್ತೇಳನೇ ತಾರೀಖನ್ನ ನಾನೇ ಹೊಡೆದು ಹಾಕ್ದೆ ಕಣೆ. ಬೇರೆ ಯಾರ ಕೈಲೂ ಮಾಡಿಸೋಕೆ ಮನಸ್ಸಾಗ್ಲಿಲ್ಲ."

ಕ್ಲೇ ಫ್ಯಾರ್ಲಿಯ ಆಫೀಸು ಹಾರ್ಡ್‌ವೇರ್ ಅಂಗಡಿಯ ಮೇಲೆ. ಜಮೀನಿನ ಕಾಗದ, ವಿಚ್ಛೇದನ, ಒಮ್ಮೊಮ್ಮೆ ಜಿಂಕೆ ಕದ್ದು ಹೊಡೆದವರ ಕೇಸು, ಇಷ್ಟು ಬಿಟ್ಟರೆ ದೊಡ್ಡ ವ್ಯಾಜ್ಯ ಕಂಡವನಲ್ಲ. ಒಡೆಸ್ಸಾ ಶಾಲೆಯ ಅಡಿಗೆಮನೆಯಲ್ಲಿ ಇಪ್ಪತ್ತಾರು ವರ್ಷ ಬಡಿಸಿದವಳು. ಇವನು ಎರಡನೇ ಸಲ ಬನ್ನಿಗೆ ತಟ್ಟೆ ಒಡ್ಡುತ್ತಿದ್ದ ಮುಖ ಇನ್ನೂ ಅವಳಿಗೆ ನೆನಪಿತ್ತು. ಅದಕ್ಕೇ ಅವನು ವಕೀಲನಾದರೂ ಅವಳ ಬಾಯಲ್ಲಿ ಏಕವಚನ ಹೋಗಿರಲಿಲ್ಲ, ಅವನ ಬಾಯಲ್ಲಿ 'ಮಿಸ್ ಒಡೆಸ್ಸಾ' ಹೋಗಿರಲಿಲ್ಲ.

"ಅವರಿಗೆ ಮೂವತ್ತು ದಿನ ಗಡುವಿತ್ತು, ಮಿಸ್ ಒಡೆಸ್ಸಾ. ಇಪ್ಪತ್ತೊಂಬತ್ತನೇ ದಿನ ಹಾಕಿದ್ರು. ಮೂರನೇ ದಿನಾನೇ ಹಾಕ್ಬಹುದಿತ್ತು. ಹೋಬರ್ಟನ ತಾರೀಖು ಹತ್ರ ಬರ್ಲಿ ಅಂತಾನೇ ಕಾದಿದ್ರು."

"ಬಾವಿ ನಮ್ದು, ಹೆಣ ನಮ್ದು, ಕೋರ್ಟು ನಮ್ದು. ಎತ್ಕೊಂಡು ಹೋಗೋಕೆ ಇವರ್‍ಯಾರು?"

"ನೀವೊಬ್ಬರೇ ಹಾಕಿದ ಕೇಸಾಗಿದ್ರೆ ಹೀಗೆ ಸುಲಭಕ್ಕೆ ಆಗ್ತಿರ್ಲಿಲ್ಲ. ನಾವು ರನ್ಯನ್ ಮೇಲೂ ಹಾಕಿದೀವಲ್ಲ, ಅವನು ನಮ್ಮ ರಾಜ್ಯದವನೇ. ಆದ್ರೆ ನಾವು ಎಲ್ಲರ ಪರವಾಗಿ ಒಂದೇ ಕೇಸು ಹಾಕಿದೀವಿ. ಅದಕ್ಕೆ ಕಾನೂನೇ ಬೇರೆ. ಜನ ನೂರಕ್ಕೆ ಕಮ್ಮಿ ಇರ್ಬಾರದು, ಕೇಳೋ ಪರಿಹಾರ ಎಲ್ಲರದ್ದೂ ಸೇರಿ ಐವತ್ತು ಲಕ್ಷ ಡಾಲರ್ ದಾಟ್ಬೇಕು, ಆ ಕಡೆ ಈ ಕಡೆ ಯಾರಾದ್ರೂ ಇಬ್ಬರು ಬೇರೆಬೇರೆ ರಾಜ್ಯದವರಾಗಿರ್ಬೇಕು. ಮೂರೂ ಸೇರಿದ್ರೆ ಫೆಡರಲ್ ಬಾಗ್ಲು ತಾನಾಗೇ ತೆಗೆಯುತ್ತೆ."

"ಹಂಗಾದ್ರೆ ತೊಂಬತ್ತೊಂಬತ್ತು ಜನ ಹಾಕ್ಬೇಕಿತ್ತು."

"ಮುನ್ನೂರು ಜನರನ್ನ ಬಿಟ್ಟು? ಯಾರನ್ನ ಬಿಡ್ತಿದ್ರಿ?"

ಮನೆಮನೆಗೆ ನಡೆದು ಹೆಸರು ಬರೆಸಿದ್ದವಳು ಒಡೆಸ್ಸಾಳೇ. ಅವಳು ಒಂದು ಗಳಿಗೆ ಯೋಚಿಸಿದಳು. "ಡಾರ್ಲೀನ್‌ನ ಬಿಡ್ತಿದ್ದೆ. ಆಲೂಗಡ್ಡೆ ಸಲಾಡಿಗೆ ಸಕ್ಕರೆ ಸುರೀತಾಳೆ."

ಇಬ್ಬರೂ ನಕ್ಕರು; ಆಮೇಲೆ ನಗು ನಿಂತು ಕೆಳಗಿನ ಅಂಗಡಿಯಲ್ಲಿ ಯಾರೋ ಮೊಳೆ ತೂಗಿಸಿಕೊಳ್ಳುತ್ತಿದ್ದ ಸದ್ದು ಕೇಳಿಸಿತು.

"ವಾಪಸ್ ತರೋಕೆ ಒಂದು ದಾರಿ ಇದೆ," ಎಂದ ಕ್ಲೇ. "ಊರಿನ ಜಗಳ ಊರಲ್ಲೇ ಮುಗೀಲಿ ಅಂತ ಅದೇ ಕಾನೂನಲ್ಲಿ ಒಂದು ಕಿಂಡಿ ಇಟ್ಟಿದಾರೆ. ನಮ್ಮ ಜನರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಈ ರಾಜ್ಯದವರೇ ಆಗಿರ್ಬೇಕು. ಆಗಿದಾರೆ. ಅನ್ಯಾಯ ಇಲ್ಲೇ ಆಗಿರ್ಬೇಕು. ಆಗಿದೆ. ತಪ್ಪು ಮಾಡಿದ ಮುಖ್ಯ ಜನರಲ್ಲಿ ಒಬ್ಬನಾದ್ರೂ ಊರಿನವನಾಗಿರ್ಬೇಕು. ರನ್ಯನ್ ಇದಾನೆ. ಇನ್ನೊಂದು, ಹಿಂದಿನ ಮೂರು ವರ್ಷದೊಳಗೆ ಇದೇ ವಿಷಯಕ್ಕೆ ಇವರ ಮೇಲೆ ಇಂಥದೇ ಕೇಸು ಯಾರೂ ಹಾಕಿರ್ಬಾರದು. ಆವತ್ತೇ ನಿಮ್ಮನ್ನ ಕೇಳಿದ್ದೆ."

"ಇಲ್ಲ ಅಂತ ಆವತ್ತೇ ಹೇಳಿದೀನಿ. ಕೊಳ್ಳದಲ್ಲಿ ಯಾರ ಮನೆ ಬೆಕ್ಕು ಮರಿ ಹಾಕಿದ್ರೂ ನನಗೆ ಗೊತ್ತಾಗುತ್ತೆ. ಕೇಸು ಹಾಕಿದ್ರೆ ಗೊತ್ತಾಗಲ್ವಾ?"

"ಹಾಗಾದ್ರೆ ತರ್ತೀವಿ," ಎಂದ ಕ್ಲೇ.

ಹೋಬರ್ಟ್ ತನ್ನ ಟ್ರೇಲರ್ ಮನೆಯ ಕಿಟಕಿಗೆ ಮುಖ ಮಾಡಿ ಕೂತಿದ್ದ. ಕೋರ್ಟಿಗೆಂದು ಇಸ್ತ್ರಿ ಮಾಡಿಸಿದ ಅಂಗಿ ಬಾಗಿಲ ಮೊಳೆಗೆ ನೇತಾಡುತ್ತಿತ್ತು. ಒಡೆಸ್ಸಾ ಬೀನ್ಸ್ ಬಿಸಿ ಮಾಡುತ್ತಾ ನಡೆದದ್ದನ್ನೆಲ್ಲ ಹೇಳಿದಳು.

"ಅಲ್ಲಿ ಯಾರಿರ್ತಾರೆ ಅಕ್ಕ, ಕೇಳೋಕೆ?" ಅವನು ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು.

"ಜ್ಯೂರಿ ಇರ್ತಾರೆ. ಹತ್ತು ಕೌಂಟಿಯಿಂದ ಕರೆಸ್ತಾರಂತೆ."

"ನಮ್ಮವರು?"

"ಎರಡೂವರೆ ಗಂಟೆ ದಾರಿ ಕಣೋ. ಡಯಾಲಿಸಿಸ್ ಮಾಡಿಸ್ಕೊಳ್ಳೋರು, ಮಕ್ಕಳು ಮರಿ ಇರೋರು, ಎಷ್ಟು ಜನ ಬಂದಾರು? ಅದೂ ಯಾವಾಗ ಅಂತ ಗೊತ್ತಿಲ್ಲ."

ಅವನು ಮೊಳೆಗೆ ನೇತಾಡುತ್ತಿದ್ದ ಅಂಗಿಯ ಕಡೆ ನೋಡಿದ. "ನಾನು ಹೇಳಿದ್ರೆ ನಮ್ಮವರ ಮುಂದೆ ಹೇಳ್ತೀನಿ. ಎಲ್ಲರ ಮುಂದೆ, ಒಂದೇ ಸಲ."

"ಈಗ ನನಗೇ ಹೇಳೋ ಹೋಬೀ. ಬರ್ಕೋತೀನಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಒಂದು ಕಾಗದನಾದ್ರೂ ಇರ್ಲಿ."

"ಬೇಡ," ಎಂದ ಅವನು, ಥಟ್ಟನೆ. "ನಿನ್ನೊಬ್ಬಳಿಗೆ ಹೇಳೋದಲ್ಲ ಅದು."

ಕೋರ್ಟಿಗೆ ಮುಂಚೆ ಯಾರೊಂದಿಗೂ ಬಾಯಿ ಬಿಡಬೇಡ ಎಂದು ಕ್ಲೇ ಅವನಿಗೆ ತಾಕೀತು ಮಾಡಿದ್ದ. ಅದಕ್ಕೇ ಹೀಗಂದ ಎಂದುಕೊಂಡು ಒಡೆಸ್ಸಾ ಬೀನ್ಸಿನ ಬಟ್ಟಲು ಅವನ ತೊಡೆಯ ಮೇಲಿಟ್ಟಳು.

ಮೇ ತಿಂಗಳಲ್ಲಿ ಕ್ಲೇ ತಾನೇ ಕಾರು ಹಾಕಿಕೊಂಡು ಕೊಳ್ಳ ಹತ್ತಿ ಬಂದ. ಜಗಲಿಯಲ್ಲಿ ಕೂರು ಎಂದರೆ ಕೂರಲಿಲ್ಲ. ಕಂಪನಿಯ ವಕೀಲರು ಕೊಟ್ಟ ಉತ್ತರದ ಹಿಂದೆ ಲಗತ್ತಿಸಿದ್ದ ಒಂದು ಹಳೇ ದಾವೆಯ ನಕಲನ್ನು ಅವಳ ಕೈಗಿತ್ತ. ಕನ್ನಡಕ ಏರಿಸಿ ನೋಡಿದರೆ ಮೊದಲ ಪುಟದ ಮೊದಲ ಸಾಲಿನಲ್ಲೇ ಇತ್ತು: ಒಡೆಸ್ಸಾ ಎಸ್ಟೆಪ್ ಮತ್ತು ಇತರರು.

"ಇದೇನಿದು? ನಾನು ಹಾಕಿಲ್ಲ ಇದನ್ನ."

"ಸಹಿ ನೋಡಿ."

ಸಹಿ ಅವಳದ್ದೇ. ಕೆಳಗೆ ಡಾರ್ಲೀನ್‌ಳದ್ದು, ಅದರ ಕೆಳಗೆ ಪಾದ್ರಿಯದ್ದು, ಹೀಗೆ ಆರು ಹಾಳೆ. ತಾರೀಖು ನೋಡಿದ ಕೂಡಲೇ ಅವಳಿಗೆ ಕಾಡು ಈರುಳ್ಳಿಯ ವಾಸನೆ ಮೂಗಿಗೆ ಬಂದ ಹಾಗಾಯಿತು.

ಏಪ್ರಿಲ್ ತಿಂಗಳಲ್ಲಿ ಬೆಟ್ಟದಲ್ಲಿ ಕಾಡು ಈರುಳ್ಳಿ ಎದ್ದಾಗ ಫೈರ್ ಸ್ಟೇಷನ್ನಿನಲ್ಲಿ ಊರೂಟ. ಹಂದಿ ಕೊಬ್ಬಿನಲ್ಲಿ ಹುರಿದ ಈರುಳ್ಳಿ, ಆಲೂಗಡ್ಡೆ, ಜೋಳದ ರೊಟ್ಟಿ. ಅದರ ನಾತ ಮೂರು ದಿನ ಬಾಯಿ ಬಿಡುವುದಿಲ್ಲ. ಪಟ್ಟಣದವರು ಬಾಗಿಲಲ್ಲೇ ಮೂಗು ಮುಚ್ಚುತ್ತಾರೆ. ಆ ವರ್ಷ ಬಂದ ಕೋಟಿನ ಮನುಷ್ಯ ಮೂಗು ಮುಚ್ಚಲಿಲ್ಲ. ಮೂರು ತಟ್ಟೆ ತಿಂದ. ಬೆರಳು ನೆಕ್ಕಿದ. "ನಮ್ಮಜ್ಜಿ ಕೈಯಡಿಗೆ ನೆನಪಾಯ್ತು, ಅಮ್ಮಾ," ಎಂದು ಅಡಿಗೆಮನೆಗೇ ಬಂದು ಒಡೆಸ್ಸಾಳಿಗೆ ಹೇಳಿದ. ಆಮೇಲೆ ಹಲಗೆಗೆ ಸಿಕ್ಕಿಸಿದ ಹಾಳೆ ತೆಗೆದು, ನೀರನ್ನು ಪುಕ್ಕಟೆ ಪರೀಕ್ಷೆ ಮಾಡಿಸಿಕೊಡುತ್ತೇವೆ, ಒಂದು ಸಹಿ ಬೇಕು ಎಂದ.

ಕೊಳ್ಳದವರಿಗೆ ಒಂದು ಕಟ್ಟುಪಾಡು ಇದೆ. ನಿಮ್ಮ ಈರುಳ್ಳಿ ತಿಂದವನ ಎದುರು ಕಾಗದ ಹಿಡಿದು ಓದುತ್ತಾ ನಿಂತರೆ, ನೀನು ಕಳ್ಳ ಎಂದು ಮುಖಕ್ಕೆ ಹೇಳಿದ ಹಾಗೆ. ಒಡೆಸ್ಸಾ ಓದಲಿಲ್ಲ. ತಾನು ಸಹಿ ಹಾಕಿದ್ದಲ್ಲದೆ ಹಲಗೆ ಹಿಡಿದು ಮೇಜಿನಿಂದ ಮೇಜಿಗೆ ತಾನೇ ಹೋದಳು. "ಬೇಗ ಹಾಕ್ರೋ, ಆ ಮನುಷ್ಯನಿಗೆ ಬಹಳ ದೂರ ಹೋಗೋದಿದೆ" ಎಂದು ಅವಸರ ಮಾಡಿದವಳೂ ಅವಳೇ.

ನೀರಿನ ಪರೀಕ್ಷೆಗೆ ಯಾರೂ ಬರಲಿಲ್ಲ. ಅವನು ಕೇಸು ಹುಡುಕುತ್ತಾ ತಿರುಗುವ ವಕೀಲರ ಕಡೆಯವನು. ಅವರು ಆ ಸಹಿಗಳ ಬಲದ ಮೇಲೆ ಜೂನ್‌ನಲ್ಲಿ ದೂರದ ಕೌಂಟಿಯೊಂದರಲ್ಲಿ ಇದೇ ಕಂಪನಿಯ ಮೇಲೆ ದಾವೆ ಹೂಡಿ, ಅದರಲ್ಲಿ ಏನೂ ಗಿಟ್ಟುವುದಿಲ್ಲ ಅನ್ನಿಸಿದಾಗ ಐದೇ ತಿಂಗಳಿಗೆ ಸದ್ದಿಲ್ಲದೆ ಹಿಂದಕ್ಕೆ ಪಡೆದಿದ್ದರು.

"ಹಿಂದಕ್ಕೆ ತಗೊಂಡಿದಾರಲ್ಲ, ಇನ್ನೇನು?" ಒಡೆಸ್ಸಾಳ ದನಿ ಸಣ್ಣಗಾಗಿತ್ತು.

"ಕಾನೂನು ಕೇಳೋದು ಹಾಕಿದ್ರಾ ಅಂತ ಮಾತ್ರ. ಗೆದ್ರಾ, ಸೋತ್ರಾ, ಬಿಟ್ರಾ ಅಂತ ಕೇಳಲ್ಲ. ನಾವು ಕೇಸು ಹಾಕೋ ಹೊತ್ತಿಗೆ ಇದಕ್ಕೆ ಎರಡು ವರ್ಷ ಎಂಟು ತಿಂಗಳಾಗಿತ್ತು."

"ಅಂದ್ರೆ ನಾಲ್ಕು ತಿಂಗಳು ಕಾದಿದ್ರೆ..."

"ಹೋಬರ್ಟ್ ಇರಲ್ಲ ಅಂತ ತಾನೆ ನಾವು ಅವಸರ ಮಾಡಿದ್ದು." ಕ್ಲೇ ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತ. "ನಾನೂ ಎಲ್ಲಾ ಕೌಂಟಿಯ ದಫ್ತರಗಳಲ್ಲಿ ಹುಡುಕ್ಬೇಕಿತ್ತು. ಹುಡುಕ್ಲಿಲ್ಲ. ನಿಮ್ಮ ಮಾತಿನ ಮೇಲೆ ಬಿಟ್ಟೆ. ತಪ್ಪು ನಂದೂ ಇದೆ."

"ನಿಂದಲ್ಲ," ಎಂದಳು ಒಡೆಸ್ಸಾ. "ಬಡಿಸಿದವಳು ನಾನು."

ಜುಲೈನಲ್ಲಿ ಫೆಡರಲ್ ಜಡ್ಜಿನ ಆದೇಶ ಬಂತು. ಒಂಬತ್ತು ಪುಟ, ಬಹಳ ಮರ್ಯಾದೆಯ ಭಾಷೆ. ಕೊಳ್ಳದವರ ಕಷ್ಟದ ಬಗ್ಗೆ ಕನಿಕರದ ಎರಡು ಸಾಲೂ ಇದ್ದವು. ಕೇಸು ಊರಿಗೆ ಮರಳುವಂತಿಲ್ಲ ಎಂಬುದು ಎಂಟನೇ ಪುಟದಲ್ಲಿತ್ತು. ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಒಡೆಸ್ಸಾ ಎದ್ದು ನಿಂತು, ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಕೆಲವರು ಕಣ್ಣು ತಪ್ಪಿಸಿದರು. ಹಿಂದಿನ ಬೆಂಚಿನಿಂದ ಡಾರ್ಲೀನ್, "ನಾವೇನು ಕುರುಡರಾಗಿದ್ವಾ? ನಾವೂ ಓದದೆ ತಾನೆ ಹಾಕಿದ್ದು," ಎಂದಳು. ಅಷ್ಟಕ್ಕೇ ಒಡೆಸ್ಸಾಳ ಎದೆ ಅರ್ಧ ಹಗುರಾಯಿತು. ಹೇಳಿಕೊಳ್ಳುವುದಕ್ಕೆ ಜನ ಇರುವುದು ದೊಡ್ಡದು ಎಂದುಕೊಂಡು ಮನೆಗೆ ನಡೆದಳು.

ಹೋಬರ್ಟನ ಹೇಳಿಕೆಯನ್ನು ಅವನ ಮನೆಯಲ್ಲೇ ವಿಡಿಯೊ ತೆಗೆದು ಬರೆದುಕೊಳ್ಳಲು ಸೆಪ್ಟೆಂಬರಿನಲ್ಲಿ ಅಪ್ಪಣೆಯಾಯಿತು. ಅಷ್ಟು ಹೊತ್ತಿಗೆ ಅವನು ಮಂಚದಿಂದ ಕುರ್ಚಿಗೆ ಬರುವುದೇ ಒಂದು ಪ್ರಯಾಣ. ಆ ಬೆಳಿಗ್ಗೆ ಟ್ರೇಲರಿನ ಮುಂಗೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ: ಕಂಪನಿಯ ವಕೀಲೆ ಮಿಸೆಸ್ ವಿಟ್‌ಕೋಂಬ್, ರನ್ಯನ್‌ನ ವಕೀಲ, ಹೇಳಿಕೆ ಬೆರಳಚ್ಚು ಮಾಡುವ ಹೆಂಗಸು, ಕ್ಯಾಮೆರಾದವನು, ಕ್ಲೇ. ಹೊರಗೆ ಅಂಗಳದಲ್ಲಿ ಮೂವತ್ತು ನಲವತ್ತು ಜನ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರನ್ನು ಒಳಗೆ ಬಿಡಲು ಮಿಸೆಸ್ ವಿಟ್‌ಕೋಂಬ್ ಒಪ್ಪಲಿಲ್ಲ. ದಾವೆಯಲ್ಲಿ ಹೆಸರಿದ್ದವಳೆಂದು ಒಡೆಸ್ಸಾಳಿಗೆ ಮಾತ್ರ ಹಕ್ಕಿತ್ತು.

ಕ್ಲೇ ಮೊದಲೇ ಅಕ್ಕ ತಮ್ಮ ಇಬ್ಬರಿಗೂ ಎಚ್ಚರ ಹೇಳಿದ್ದ. "ನಾನು ಕೇಳಿದ ಮೇಲೆ ಅವರು ಕೇಳ್ತಾರೆ. ಅವರ ಪ್ರಶ್ನೆ ಮುಗಿಯೋಕೆ ಮುಂಚೆ ಹೋಬರ್ಟ್ ಬಾಯಿ ಮುಚ್ಚಿದ್ರೆ, ಹೇಳಿದ್ದೆಲ್ಲಾ ಕಸದ ಬುಟ್ಟಿಗೆ. ಪೂರ್ತಿ ಆಗ್ಬೇಕು."

ಹೋಬರ್ಟ್ ಕ್ಯಾಮೆರಾ ನೋಡಿದ. ಕಿಟಕಿಯಾಚೆ ನೋಡಿದ. "ಅವರನ್ನ ಒಳಗೆ ಬಿಡಿ."

"ಆಗಲ್ಲ ಮಿಸ್ಟರ್ ಲಸ್ಕ್, ಕ್ಷಮಿಸಿ," ಎಂದಳು ಮಿಸೆಸ್ ವಿಟ್‌ಕೋಂಬ್. ಕೆಟ್ಟ ಹೆಂಗಸಾಗಿ ಕಾಣಲಿಲ್ಲ ಅವಳು.

"ಹಂಗಾದ್ರೆ ನಾನು ಈ ಗಾಜಿನ ಕಣ್ಣಿಗೆ ಏನೂ ಹೇಳಲ್ಲ."

ಒಡೆಸ್ಸಾ ಅಡಿಗೆಮನೆಯ ಕುರ್ಚಿ ಎಳೆದು ತಂದು ಕ್ಯಾಮೆರಾದ ಪಕ್ಕಕ್ಕೇ ಹಾಕಿ, ಅವನ ಮುಖಕ್ಕೆ ಎದುರಾಗಿ ಕೂತಳು. "ನನ್ನ ನೋಡ್ಕೊಂಡು ಹೇಳು ಹೋಬೀ. ನಾನೂ ಕೊಳ್ಳದವಳೇ ತಾನೆ? ಅವರೆಲ್ಲರ ಬದ್ಲು ನಾನಿದೀನಿ."

ಅವನು ಅವಳನ್ನೇ ನೋಡಿದ. ಆ ನೋಟದಲ್ಲಿ ಏನೋ ಬೇಡುತ್ತಿದ್ದ ಹಾಗಿತ್ತು. ಅವಳಿಗೆ ಅರ್ಥವಾಗಲಿಲ್ಲ. "ಹೇಳಪ್ಪ," ಎಂದು ಮತ್ತೆ ಉತ್ತೇಜಿಸಿದಳು.

ಹೇಳಿದ. ಪಂಪು ಎಷ್ಟು ಹೊತ್ತು ಓಡುತ್ತಿತ್ತು, ಲೆಕ್ಕದಲ್ಲಿ ಎಷ್ಟೆಂದು ಬರೆಯುತ್ತಿದ್ದರು, ಪರೀಕ್ಷಕರು ಬರುವ ಸುದ್ದಿ ಮುಂಚಿತವಾಗಿ ಯಾರಿಂದ ಬರುತ್ತಿತ್ತು, ರಾಡಿಯ ಜೊತೆಗೆ ಹೆಸರು ಕೆರೆದ ಪೀಪಾಯಿಗಳು ಯಾವ ಲಾರಿಯಲ್ಲಿ ಬರುತ್ತಿದ್ದವು. ಕ್ಲೇ ಒಂದೊಂದಕ್ಕೂ ತಲೆಯಾಡಿಸಿದ. ಒಡೆಸ್ಸಾಳೂ ತಲೆಯಾಡಿಸಿದಳು, ಇದೇ, ಇದಕ್ಕಾಗಿಯೇ ಇಷ್ಟು ದಿನ ಕಾದದ್ದು.

"ಇದು ಜನರ ಬಾವಿಗೆ ಹೋಗ್ತಿದೆ ಅಂತ ನಿಮ್ಮ ಕಡೆಯವರಿಗೆ ಯಾವಾಗ ಗೊತ್ತಾಯ್ತು?" ಎಂದ ಕ್ಲೇ.

"ಎರಡನೇ ಚಳಿಗಾಲ."

"ಹೇಗೆ ಗೊತ್ತಾಯ್ತು?"

ಹೋಬರ್ಟ್ ಕಣ್ಣು ಮುಚ್ಚಿದ. ಮತ್ತೆ ತೆರೆದ. "ಅಕ್ಕನ ಮನೆಗೆ ಹೋಗಿದ್ದೆ, ಬಿಸ್ಕಿಟ್ ರೊಟ್ಟಿ ಮತ್ತೆ ಗ್ರೇವಿ ತಿನ್ನೋಕೆ. ಗಾರ್ಲಂಡ್ ಕೊಳಾಯಿ ತಿರುಗಿಸಿ ಒಂದು ಲೋಟ ನೀರು ಕೊಟ್ಟ. ಮೂಗಿನ ಹತ್ರ ತಂದ್ರೆ ಪೀಪಾಯಿ ವಾಸನೆ. ದಿನಾ ಮೂಸ್ತಿದ್ದವನು ನಾನು, ಬೇರೆಯವರಿಗೆ ಗೊತ್ತಾಗ್ತಿರ್ಲಿಲ್ಲ. ಅವನು ಆ ಕಡೆ ತಿರುಗಿದಾಗ ಸಿಂಕಿಗೆ ಚೆಲ್ಲಿಬಿಟ್ಟೆ."

ಬೆರಳಚ್ಚಿನ ಸದ್ದು ನಡೆದೇ ಇತ್ತು.

"ಅವನು ತನ್ನ ಲೋಟ ಕುಡಿದ. ನಾನು ನೋಡ್ತಾ ಕೂತಿದ್ದೆ. ಮಾರನೇ ದಿನ ರನ್ಯನ್‌ಗೆ ಹೇಳ್ದೆ, ಅವನು ಕಂಪನಿಗೆ ಹೇಳ್ದ. ಬಾಯಿ ಬಿಟ್ರೆ ಕೆಲಸ ಇಲ್ಲ ಅಂದ್ರು. ಆವತ್ತಿಂದ ನನ್ನ ಮನೆಗೆ ನಾನು ಪಟ್ಟಣದಿಂದ ನೀರು ತರ್ತಿದ್ದೆ. ಅಕ್ಕನ ಮನೇಲಿ ಹೊಟ್ಟೆ ಸರಿ ಇಲ್ಲ ಅಂತ ನೆಪ ಹೇಳ್ತಿದ್ದೆ. ಒಂದೂವರೆ ವರ್ಷ." ಅವನು ಉಸಿರಿಗೆ ನಿಂತ. "ಜನ ತುಂಬಿದ ಕೋರ್ಟಲ್ಲಿ ಇದನ್ನ ಹೇಳೋಣ ಅಂತಿದ್ದೆ, ಅಕ್ಕ. ಅಷ್ಟು ಮುಖದಲ್ಲಿ ನಿನ್ನ ಮುಖಾನೂ ಒಂದಾಗಿರೋದು."

ಕ್ಲೇಗೂ ಇದು ಗೊತ್ತಿರಲಿಲ್ಲ. ಕೇಸಿಗೆ ಇದಕ್ಕಿಂತ ದೊಡ್ಡ ಮಾತು ಸಿಗುವುದು ಸಾಧ್ಯವಿರಲಿಲ್ಲ; ಕಂಪನಿಗೆ ಗೊತ್ತಿತ್ತು, ಗೊತ್ತಿದ್ದೂ ಮುಚ್ಚಿಟ್ಟಿತ್ತು. ಅವನು ಒಡೆಸ್ಸಾಳ ಕಡೆ ನೋಡಲಾರದೆ, "ನನ್ನ ಪ್ರಶ್ನೆ ಮುಗೀತು," ಎಂದ.

ಮಿಸೆಸ್ ವಿಟ್‌ಕೋಂಬ್ ಪೆನ್ನು ಕೆಳಗಿಟ್ಟಳು. "ಮಿಸೆಸ್ ಎಸ್ಟೆಪ್, ಸ್ವಲ್ಪ ಹೊತ್ತು ನಿಲ್ಲಿಸೋಣವಾ? ನೀವು ಬೇಕಾದ್ರೆ ಹೊರಗೆ ಹೋಗಿ ಬನ್ನಿ."

ಒಡೆಸ್ಸಾಳ ಕಾಲುಗಳು ಏಳುವುದಕ್ಕೆ ಸಿದ್ಧವಾಗಿಯೇ ಇದ್ದವು. ತಾನು ಎದ್ದರೆ ಅವನು ನಿಲ್ಲಿಸಿಬಿಡುತ್ತಾನೆ. ಅವನ ತುಟಿ ಆಗಲೇ ನೀಲಿಗಟ್ಟಿತ್ತು. ಈಗ ನಿಲ್ಲಿಸಿದರೆ ಇನ್ನೊಂದು ದಿನ ಎಂಬುದು ಅವನಿಗಿರಲಿಲ್ಲ. ಅಂಗಳದಲ್ಲಿ ಡಾರ್ಲೀನ್ ಯಾರಿಗೋ ಕಾಫಿ ಬಗ್ಗಿಸಿಕೊಡುತ್ತಿದ್ದಳು. ಅವಳ ಮಗಳಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್.

"ಬೇಡ," ಎಂದಳು ಒಡೆಸ್ಸಾ. "ಕೇಳಿ ನೀವು. ಪೂರ್ತಿ ಕೇಳಿ."

ಮೂರು ಗಂಟೆ ಹಿಡಿಯಿತು. ನೀನೇ ಯಾಕೆ ಹೇಳಲಿಲ್ಲ, ನಿನ್ನ ಭಾವನ ಸಾವಿಗೆ ನೀನೇ ಕಾರಣನಲ್ಲವೇ, ಆ ಲೋಟದ ನೀರು ಯಾವ ಬಣ್ಣಕ್ಕಿತ್ತು, ಗಾರ್ಲಂಡ್ ಎಷ್ಟು ಗುಟುಕು ಕುಡಿದ ಎಂದು ಆ ಹೆಂಗಸು ಒಂದೊಂದಾಗಿ, ಮೆಲ್ಲಗೆ ಕೇಳಿದಳು. ಹೋಬರ್ಟ್ ಕ್ಯಾಮೆರಾ ನೋಡಲಾರ. ಒಡೆಸ್ಸಾಳ ಮುಖವನ್ನೇ ಹಿಡಿದುಕೊಂಡು ಒಂದೊಂದಕ್ಕೂ ಉತ್ತರ ಕೊಟ್ಟ. ಅವಳು ಮುಖ ತಿರುಗಿಸಲಿಲ್ಲ. ರೆಪ್ಪೆ ಬಡಿದರೂ ಎಲ್ಲಿ ಅವನ ಮಾತು ಕಡಿದುಹೋಗುತ್ತದೋ ಎಂಬಂತೆ ಕೂತೇ ಇದ್ದಳು. ಕೊನೆಗೆ, "ಇನ್ನೇನೂ ಇಲ್ಲ," ಎಂದು ವಕೀಲೆ ಪೆನ್ನು ಮುಚ್ಚಿದಾಗ ಕ್ಯಾಮೆರಾದವನು ದೀಪ ಆರಿಸಿದ.

"ಅಕ್ಕ," ಎಂದ ಹೋಬರ್ಟ್.

ಅವಳು ಕುರ್ಚಿಯನ್ನು ಎತ್ತಿಕೊಂಡು ಹೋಗಿ ಅಡಿಗೆಮನೆಯಲ್ಲಿ ಅದರ ಜಾಗಕ್ಕೆ ಇಟ್ಟು, ಹಿಂಬಾಗಿಲಿನಿಂದ ಅಂಗಳಕ್ಕೆ ಇಳಿದಳು. ಜನ ಎದ್ದು ನಿಂತರು.

"ಹೇಳಿದ್ನಾ?" ಡಾರ್ಲೀನ್ ಓಡಿ ಬಂದಳು. "ಪೂರ್ತಿ ಆಯ್ತಾ?"

"ಆಯ್ತು. ನಮಗೆ ಬೇಕಾದ್ದೆಲ್ಲಾ ಹೇಳ್ದ. ಇನ್ನು ಅವರು ತಪ್ಪಿಸ್ಕೊಳ್ಳೋಕಾಗಲ್ಲ."

ಯಾರೋ ಚಪ್ಪಾಳೆ ತಟ್ಟಿದರು, ಯಾರೋ ಅತ್ತರು. ಒಡೆಸ್ಸಾ ಅವರ ನಡುವೆ ದಾರಿ ಮಾಡಿಕೊಂಡು ರಸ್ತೆಯ ಕಡೆ ನಡೆದಳು.

"ಎಲ್ಲಿಗೆ ಡೆಸ್ಸಾ? ಅವನಿಗೆ ಊಟ ಹಾಕೋ ಹೊತ್ತಾಯ್ತಲ್ಲ?"

"ಇವತ್ತು ನೀನು ಹಾಕು," ಎಂದಳು ಒಡೆಸ್ಸಾ, ತಿರುಗಿ ನೋಡದೆ.